ನವ್ಯಶ್ರೀ ಕೆಲಸಕ್ಕೆ ಹೊರಟಳು

ಶಾಲೆ ಮುಗಿಯಿತು, ಇನ್ನು ಮುಂದೇನು? ಗಂಗೊಳ್ಳಿಯಲ್ಲಿ ಮೀನು ಮಾರುವ ಬಾಗಿಗೆ ಒಂದು ವರ್ಷದಿಂದ ಇದೇ ಚಿಂತೆ. ಮಗಳು ನವ್ಯಶ್ರೀಗೆ ಇಪ್ಪತ್ತು ತುಂಬಿತ್ತು. ಯಾವುದನ್ನೇ ಆಗಲಿ, ನಿಧಾನವಾಗಿ ಕಲಿಯುವ ಹುಡುಗಿ. ವಿಶೇಷ ಶಾಲೆ ಬಿಟ್ಟ ಮೇಲೆ ಅವಳು ದಿನವಿಡೀ ಕಿಟಕಿಯ ಬಳಿ ಕೂತು ಹೊಳೆ ನೋಡುತ್ತಿದ್ದಳು. ಬಾಗಿ ಮೀನು ಮಾರಲು ಹೊರಡುವಾಗ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕುತ್ತಿದ್ದಳು. ಹೆದರಿಕೆ, ಇನ್ನೇನು!

ಒಂದು ದಿನ ಧನ್ಯಶ್ರೀ ಟೀಚರ್ ಬಂದರು. ಶಾಲೆ ಮುಗಿಸಿದ ಇಂಥ ಮಕ್ಕಳಿಗೆ ಕೆಲಸ ಹುಡುಕಿ, ಜೊತೆಗಿದ್ದು ಕಲಿಸುವವರು ಅವರು.

"ಹ್ವಾಯ್ ಬಾಗಿಯಕ್ಕ, ತಲ್ಲೂರಂಗೆ ಒಂದ್ ಲಾಡ್ಜಂಗೆ ಕೆಲ್ಸ ಇತ್ತ್. ಬೆಡ್‌ಶೀಟ್ ಒಣ್ಗ್ಸುದ್, ಮಡ್ಚುದ್."

"ಅಯ್ಯೋ ಟೀಚ್ರೇ, ಅವ್ಳಿಗೆಂತ ಗೊತ್ತಾತ್ತ್? ಕಂಡವ್ರ್ ನೆಗಾಡ್ತ್ರ್."

"ನಾನೂ ಒಟ್ಟಿಗೆ ಇರ್ತೆ ಮಾರಾಯ್ತಿ. ಬಸ್ ಹತ್ತುದ್, ಇಳುದ್, ಎಲ್ಲಾ ಕಲ್ಸಿ ಕೊಡ್ತೆ. ಅವ್ಳಿಗೆ ರೂಢಿ ಆದ್ಮೇಲೆ ನಿಧಾನಕ್ ಹಿಂದ್ ಸರಿತೆ. ಅವ್ಳ್ ಬ್ಯಾಡ ಅಂದ್ರೆ ಬಿಡುವ."

ಟೀಚರ್ ಕಿಟಕಿಯ ಕಡೆ ತಿರುಗಿದರು. "ನವ್ಯಾ, ಹೋಪನಾ?"

ನವ್ಯಶ್ರೀ ಹೊಳೆಯಿಂದ ಕಣ್ಣು ತೆಗೆದಳು. ಎದ್ದು ಹೋಗಿ ಚಪ್ಪಲಿ ಹಾಕಿಕೊಂಡಳು.

ಮೊದಲ ದಿನ ಬಾಗಿಯೂ ಹೋದಳು. ಲಾಡ್ಜಿನ ದೊಡ್ಡ ವಾಷಿಂಗ್ ಮೆಷಿನ್ ಗರ್ರೆಂದು ತಿರುಗಿದ್ದೇ ತಡ, ನವ್ಯಶ್ರೀ ಕಿವಿ ಮುಚ್ಚಿಕೊಂಡು ಮೂಲೆಯಲ್ಲಿ ಕುಸಿದಳು.

"ನಾ ಹೇಳ್ಲಿಲ್ಯಾ? ಬಾ ಮಗಾ, ಮನಿಗೆ ಹೋಪ!"

ಟೀಚರ್ ಗದರಲಿಲ್ಲ. ಸುಮ್ಮನೆ ಹುಡುಗಿಯ ಪಕ್ಕ ಕೂತರು. ನವ್ಯಶ್ರೀಯ ಉಸಿರು ಹದಕ್ಕೆ ಬಂದ ಮೇಲೆ ಲಾಡ್ಜಿನ ಯಜಮಾನ್ತಿ ಪ್ರಫುಲ್ಲಾ ಅವರನ್ನು ಕೇಳಿದರು: "ಈ ಸದ್ದ್ ಅವ್ಳಿಗೆ ಆತಿಲ್ಲೆ ಅಕ್ಕಾ. ಹೊರ್ಗಿನ್ ಕೆಲ್ಸ ಕೊಡ್ಲಕ್ಕಾ?"

"ಅದಕ್ಕೆಂತ? ಹಿತ್ಲಂಗೆ ಬೇಕಾದಷ್ಟ್ ಇತ್ತ್."

ಹಿತ್ತಲಲ್ಲಿ ಸಾಲುಸಾಲು ಹಗ್ಗ. ಬಿಳಿ ಬೆಡ್‌ಶೀಟುಗಳು ಕಡಲ ಗಾಳಿ ತುಂಬಿಕೊಂಡು ಮೆಲ್ಲಗೆ ಉಬ್ಬುತ್ತಿದ್ದವು, ಮೆಲ್ಲಗೆ ಇಳಿಯುತ್ತಿದ್ದವು. ಎಲ್ಲಿ ನೋಡಿದರೂ ಬಿಳಿ ಬೆಳಕು, ಸೋಪಿನ ಕಂಪು. ನವ್ಯಶ್ರೀ ಅದರೊಳಗೆ ನಡೆದು ಕಾಣೆಯಾದಳು. ಬಾಗಿಗೆ ಕಂಡದ್ದು ಮಗಳ ಪಾದ ಮಾತ್ರ. ನೆಲ ತಾಗಿಯೂ ತಾಗದ ಹಾಗೆ ಅವು ತೇಲುತ್ತಿದ್ದವು. ಕನಸಿನಲ್ಲಿ ಯಾರದೋ ಮಗಳನ್ನು ನೋಡುತ್ತಿದ್ದೇನೆ ಎನಿಸಿತು ಅವಳಿಗೆ.

ಟೀಚರ್ ಗೋಡೆಗೆ ನಾಲ್ಕು ಚಿತ್ರ ಅಂಟಿಸಿದ್ದರು: ಹಗ್ಗದಿಂದ ತೆಗೆ, ತುದಿ ಹಿಡಿ, ಮಡಚು, ಇಡು. ನವ್ಯಶ್ರೀ ತೆಗೆದ ಮೊದಲ ಬೆಡ್‌ಶೀಟು ಕೈಜಾರಿತು. ಎರಡನೆಯದು ಸೊಟ್ಟಾಯಿತು. ಯಾರೂ ನಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಡಚಿಟ್ಟ ಅಟ್ಟಿ ಮೊಣಕಾಲಿನ ಎತ್ತರಕ್ಕೆ ಬೆಳೆದಿತ್ತು.

"ಬಾ ಮಗಾ, ಬಸ್ಸಿಗ್ ಹೊತ್ತಾಯ್ತ್," ಎಂದಳು ಬಾಗಿ.

ನವ್ಯಶ್ರೀ ತಿರುಗಿ ನೋಡಲಿಲ್ಲ. "ನೀ ಹೋಗ್ ಅಮ್ಮ. ನಂಗೆ ಕೆಲ್ಸ ಇತ್ತ್."

ಬಾಗಿಗೆ ನಗು ಬಂತು, ಕಣ್ಣೂ ತುಂಬಿತು. ಸೆರಗಿನಿಂದ ಮುಖ ಒರೆಸಿಕೊಂಡು, ಮಗಳನ್ನು ಟೀಚರ್ ಜೊತೆ ಬಿಟ್ಟು ಒಬ್ಬಳೇ ಬಸ್‌ಸ್ಟಾಪಿಗೆ ನಡೆದಳು.

ಈಗ ನಾಲ್ಕು ತಿಂಗಳಾಯಿತು. ಟೀಚರ್ ವಾರಕ್ಕೊಮ್ಮೆ ಬಂದು ನೋಡಿ ಹೋಗುತ್ತಾರೆ. ನವ್ಯಶ್ರೀ ಬಸ್ಸಿನಲ್ಲಿ ಒಬ್ಬಳೇ ಹೋಗಿ ಬರುತ್ತಾಳೆ. ಉಳಿದ ಕೆಲಸದವರಿಗೆ ಎಷ್ಟೋ ಅವಳಿಗೂ ಅಷ್ಟೇ ಸಂಬಳ.

ನಿಮ್ಮ ಮನೆಯಲ್ಲೂ ಇಂಥ ಮಗಳೋ ಮಗನೋ ಇರಬಹುದು. ಅವರಿಂದ ಆಗದು ಎಂದು ನೀವೇ ತೀರ್ಮಾನಿಸಬೇಡಿ, ಅವರನ್ನೇ ಕೇಳಿ. ಹತ್ತಿರದ ವಿಶೇಷ ಶಾಲೆಯಲ್ಲಿ ವಿಚಾರಿಸಿ. ಅಂಗಡಿ, ಹೋಟೆಲು ನಡೆಸುವವರೇ, ನಿಮ್ಮಲ್ಲಿ ಅವರ ಕೈಗೆ ಒಗ್ಗುವ ಕೆಲಸ ಒಂದಾದರೂ ಇದ್ದೇ ಇದೆ. ನಾಳೆ ಬೆಳಿಗ್ಗೆ ಒಮ್ಮೆ ಸುತ್ತ ಕಣ್ಣಾಡಿಸಿ, ಅವರನ್ನು ಕರೆಯಿರಿ.