ತಲೆ ಆರುವ ತನಕ

ಮಗಳು ಬಿಂದುವಿನ ಕೂದಲು ಮೊಣಕಾಲಿನ ಹಿಂಭಾಗ ಮುಟ್ಟುತ್ತದೆ. ತಲೆಗೆ ಎರೆದ ದಿನ ಅದನ್ನು ಒಣಗಿಸುವುದೇ ಎರಡು ತಾಸಿನ ಕೆಲಸ. ಮೊದಲು ಹಳೆಯ ಪಂಚೆ ಸುತ್ತಿ ನೀರು ಹೀರಿಸಬೇಕು, ತಿಕ್ಕಬಾರದು. ಆಮೇಲೆ ಬೆರಳಿನಿಂದ ಸಿಕ್ಕು ಬಿಡಿಸಬೇಕು, ಬಾಚಣಿಗೆ ಮುಟ್ಟಿಸಬಾರದು. ಕೊನೆಗೆ ಹಂಡೆ ಒಲೆಯ ಕೆಂಡವನ್ನು ಕಬ್ಬಿಣದ ಬಾಂಡಲಿಗೆ ತುಂಬಿ, ಲೋಬಾನ ಉದುರಿಸಿ, ಬಿದಿರಿನ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಕೂದಲು ಹರಡಬೇಕು. ಡ್ರೈಯರ್ ಇದೆ. ಅದರ ಬಿಸಿಗೆ ತುದಿ ಸೀಳುತ್ತದೆಂದು ನಾನು ಹಚ್ಚುವುದಿಲ್ಲ.

ಅವಳು ಗುರುವಾರ ಸಂಜೆ ಹರಿಹರದ ಗಂಡನ ಮನೆಯಿಂದ ಒಬ್ಬಳೇ ಬಸ್ಸಿನಲ್ಲಿ ಬಂದಿದ್ದಳು. ಕೈಯಲ್ಲಿ ಬ್ಯಾಗೂ ಇರಲಿಲ್ಲ. ಶುಕ್ರವಾರ ಬೆಳಿಗ್ಗೆ ನಾನು ಎರೆಯುತ್ತೇನೆಂದರೂ ಬಿಡದೆ, ಬಚ್ಚಲ ಬಾಗಿಲು ಹಾಕಿಕೊಂಡು ತಾನೇ ಎರೆದುಕೊಂಡಳು. ಹಿತ್ತಲಲ್ಲಿ ಸ್ಟೂಲಿನ ಮೇಲೆ ಕೂರಿಸಿ ಪಂಚೆ ಬಿಚ್ಚಿದೆ. ಎಡಗಿವಿಯ ಮೇಲೆ ಅಂಗೈಯಗಲ ಕೂದಲೇ ಇರಲಿಲ್ಲ. ಚರ್ಮ ಕಿತ್ತು, ಹಕ್ಕಳೆ ಕಟ್ಟಿತ್ತು.

ದೀಪಾವಳಿಗೆ ಬಂದಾಗಲೂ ಅಲ್ಲೇ ರೂಪಾಯಿ ನಾಣ್ಯದಷ್ಟು ಬೋಳಾಗಿತ್ತು. ಹರಿಹರದ ಬೋರ್ ನೀರಿಗೆ ಉದುರಿದೆ ಎಂದುಕೊಂಡು ನಾನು ಎಣ್ಣೆ ಕಾಸಿ ಕೊಟ್ಟಿದ್ದೆ. ಬೋಳು ಕಾಣದಂತೆ ಜಡೆಯನ್ನು ಬಿಗಿಯಾಗಿ ಹೆಣೆದು, ಹೂ ಮುಡಿಸಿ, ಗಂಡನ ಮನೆಗೆ ಕಳಿಸಿದ್ದೆ.

"ಇದು ನೀರಿಗೆ ಉದುರಿದ್ದಲ್ಲ," ಎಂದೆ.

"ನೀರು ಅಂತ ನೀನೇ ಅಂದಿದ್ದಿ."

"ನೀ ಹೂಂ ಅಂದ್ಯಲ್ಲೇ."

"ನೀನು ಕೇಳಿದ್ದು ನೀರಿನ ಸುದ್ದಿ. ಹೂಂ ಅಂದೆ."

ನಾನು ಎಳೆ ಬಿಡಿಸುತ್ತಲೇ ಇದ್ದೆ. ಅವಳು ಗೋಡೆ ನೋಡುತ್ತಾ ಹೇಳಿದಳು. ಅಳಲಿಲ್ಲ.

"ಜಡೆ ಕೈಗೆ ಸುತ್ತಿಗಂತಾನೆ ಅವ್ವ. ಸಡಿಲ ಇದ್ರೆ ಒಂದಿಷ್ಟು ಕೂದ್ಲು ಕಿತ್ತು ಬರ್ತಾವು, ತಲೆ ಉಳೀತೈತೆ. ಅವತ್ತು ನೀ ಬಿಗಿ ಹೆಣೆದಿದ್ದಿ. ಅಡುಗೆಮನೆಯಿಂದ ಬಚ್ಚಲ ತನಕ ಎಳಕಂಡು ಹೋದ. ಮೊನ್ನೆ ಬಾಗಿಲ ಚೌಕಟ್ಟಿಗೆ ಬಡಿದ. ಒಂದು, ಎರಡು, ಮೂರು ಅಂತ ಎಣಿಸ್ತಿದ್ದ."

ನನ್ನ ಬೆರಳು ನಿಂತವು.

"ಅವ ಬಂದ್ರೆ ಕಳಿಸಬ್ಯಾಡ. ಈ ಸಲ ಹೋದ್ರೆ ನಾ ಉಳಿಯಂಗಿಲ್ಲ."

ಕೆಂಡದ ಮೇಲೆ ಬುಟ್ಟಿ ಬೋರಲಿಟ್ಟು ಕೂದಲು ಹರಡಿದೆ. ಅಷ್ಟರಲ್ಲಿ ಹೊರಗೆ ಬೈಕು ನಿಂತ ಸದ್ದಾಯಿತು. ಅಳಿಯ ಕೊಟ್ಟೂರೇಶ್ ಓಣಿಯ ಕಡೆಯ ಸಣ್ಣ ಗೇಟು ತಳ್ಳಿ ನೇರ ಹಿತ್ತಲಿಗೇ ಬಂದ. ಹರಿಹರದಲ್ಲಿ ಟೈರ್ ಅಂಗಡಿ ಅವನದು. ಇಸ್ತ್ರಿ ಹಾಕಿದ ಅಂಗಿ, ಹಣೆಯಲ್ಲಿ ವಿಭೂತಿ.

"ಆರಾಮಿದೀರಾ ಅತ್ತಿ? ಕರಕಂಡು ಹೋಗಾಕ ಬಂದೆ. ಹೇಳದೆ ಕೇಳದೆ ಬಂದುಬಿಟ್ಟಾಳೆ."

"ಕೂಡ್ರಿ. ತಲೆ ಆರಿಲ್ಲ," ಎಂದೆ.

"ಗಾಡಿ ಮ್ಯಾಲೆ ಗಾಳಿಗೆ ಆರ್ತೈತೆ ಬಿಡ್ರಿ."

"ಹಸಿ ತಲೆ ಬಿಟ್ಟುಕೊಂಡು ಮಗಳು ತೌರಿನ ಹೊಸ್ತಿಲು ದಾಟಬಾರದು. ಸಾವಿನ ಮನೆಯಿಂದ ಹೋದಂಗೆ. ನಿಮ್ಮವ್ವಾರೂ ಒಪ್ಪಂಗಿಲ್ಲ."

ಅವನ ತಾಯಿ ಇಂಥದ್ದರಲ್ಲಿ ಬಲು ಕಟ್ಟುನಿಟ್ಟು. ಅವನು ಒಗೆಯುವ ಕಲ್ಲಿನ ಮೇಲೆ ಕೂತ. ಚಹಾ ತರುವ ನೆಪದಲ್ಲಿ ಒಳಗೆ ಹೋಗಿ ನಮ್ಮ ಯಜಮಾನರಿಗೆ ಫೋನ್ ಮಾಡಿದೆ. ಊರ ಹೊರಗೆ, ಕರೂರಿನ ಕಾರ್ಖಾನೆಯಲ್ಲಿ ಪಾಳಿಯಲ್ಲಿದ್ದರು. ಕೆಲಸ ಯಾರಿಗಾದರೂ ಒಪ್ಪಿಸಿ ಹೊರಡಲು ಒಂದು ತಾಸಾದರೂ ಬೇಕೆಂದರು. ಅಷ್ಟು ಹೊತ್ತು ಈ ತಲೆ ಆರಬಾರದು. ಅವನಿಗೆ ಚಹಾ ಕೊಟ್ಟು, ತಂಬಿಗೆಯಲ್ಲಿ ನೀರಿಟ್ಟುಕೊಂಡು ಬಿಂದುವಿನ ಹಿಂದೆ ಕೂತೆ. ಮೇಲಿನ ಎಳೆ ಒಣಗಿಸುತ್ತಾ, ಒಳಗಿನ ಎಳೆಗೆ ಒದ್ದೆ ಕೈ ಆಡಿಸುತ್ತಾ ಹೋದೆ. ಬಿಂದುವಿಗೆ ತಿಳಿಯಿತು. ತಿರುಗಿ ನೋಡದೆ ತಲೆಯನ್ನು ಇನ್ನಷ್ಟು ಹಿಂದಕ್ಕೆ ವಾಲಿಸಿದಳು.

ಮುಕ್ಕಾಲು ತಾಸು ನಡೆಯಿತು. ಕೊಟ್ಟೂರೇಶ್ ಮೊಬೈಲಿನಿಂದ ತಲೆಯೆತ್ತಿದ.

"ಅತ್ತಿ, ನೀವು ಒಣಗಿಸ್ತಿದೀರೋ, ನೆನೆಸ್ತಿದೀರೋ?"

ಉತ್ತರ ಕೊಡುವಷ್ಟರಲ್ಲಿ ಅವನ ಕೈ ಕೂದಲೊಳಗಿತ್ತು. ಹಗ್ಗ ಸುತ್ತುವವನಂತೆ ಮೂರು ಸುತ್ತು ಸುತ್ತಿ ಜಗ್ಗಿದ. ಸ್ಟೂಲು ಉರುಳಿತು. ಬಿಂದುವಿನ ತಲೆ ಒಗೆಯುವ ಕಲ್ಲಿನ ಅಂಚಿಗೆ ಬಡಿಯಿತು. ತೆಂಗಿನಕಾಯಿ ಒಡೆದಂಥ ಸದ್ದು. ಅವನು ನಿಲ್ಲಲಿಲ್ಲ. ಅವಳನ್ನು ಗೇಟಿನ ಕಡೆ ಎಳೆದ. ಬಿಳಿ ಸಿಮೆಂಟಿನ ಮೇಲೆ ನೀರು, ನೀರಿನ ಹಿಂದೆ ರಕ್ತ. ನಾನು ಅವನ ತೋಳಿಗೆ ಜೋತುಬಿದ್ದೆ. ಮೊಣಕಾಲಿನಿಂದ ನನ್ನ ಹೊಟ್ಟೆಗೆ ಗುದ್ದಿದ.

"ನೀವು ಅಡ್ಡ ಬರಬ್ಯಾಡ್ರಿ. ದೊಡ್ಡೋರು ಅಂತ ಮರ್ಯಾದಿ ಕೊಡ್ತಿದೀನಿ," ಎಂದು ಇನ್ನೊಮ್ಮೆ ಗುದ್ದಿದ.

ನಾನು ಬಿದ್ದಲ್ಲೇ ಬುಟ್ಟಿ ಇತ್ತು. ಅದನ್ನು ಒದ್ದೆ. ಬಾಂಡಲಿಯನ್ನು ಎರಡೂ ಕೈಯಿಂದ ಎತ್ತಿದೆ. ಅಂಗೈ ಚುರ್ರೆಂದಿತು, ಬಿಡಲಿಲ್ಲ. ಕೆಂಡವನ್ನೆಲ್ಲ ಅವನ ಕುತ್ತಿಗೆಗೆ, ಎದೆಗೆ ಎಸೆದೆ. ಅಂಗಿ ಕರಗಿ ಮೈಗೆ ಅಂಟಿತು. ಅವನು ಕಿರುಚುತ್ತಾ ಮಂಡಿಯೂರಿದ, ಆದರೆ ಕೂದಲು ಸುತ್ತಿದ ಮುಷ್ಟಿ ಬಿಚ್ಚಲಿಲ್ಲ. ಖಾಲಿ ಬಾಂಡಲಿಯಿಂದ ಆ ಮಣಿಕಟ್ಟಿಗೆ ಹೊಡೆದೆ. ಮತ್ತೆ ಹೊಡೆದೆ. ನಾಲ್ಕನೆಯದೋ ಐದನೆಯದೋ ಏಟಿಗೆ ಒಳಗೆ ಏನೋ ಮುರಿಯಿತು. ಬೆರಳು ಬಿಚ್ಚಿದವು. ಬಿಂದುವಿನ ಕೂದಲ ತುದಿಗೂ ಕಿಡಿ ತಾಗಿ ಚಟಚಟ ಉರಿಯುತ್ತಿತ್ತು. ಒದ್ದೆ ಪಂಚೆಯಿಂದ ಬಡಿದು ಆರಿಸಿ, ಅದೇ ಪಂಚೆಯನ್ನು ಅವಳ ತಲೆಗೆ ಒತ್ತಿ ಹಿಡಿದು ಕೂತೆ.

ಪಕ್ಕದ ಮನೆಯ ಸರ್ವಮಂಗಳಮ್ಮ ಓಡಿ ಬಂದರು. ಆಂಬುಲೆನ್ಸಿಗೆ ಫೋನ್ ಮಾಡಿಸಿದವರು ಅವರೇ. ಯಜಮಾನರು ಬರುವ ಹೊತ್ತಿಗೆ ನಾವು ಆಸ್ಪತ್ರೆಯಲ್ಲಿದ್ದೆವು. ನರ್ಸ್ ಬಿಂದುವಿನ ಅರ್ಧ ತಲೆ ಬೋಳಿಸಿದಳು. ಹನ್ನೊಂದು ಹೊಲಿಗೆ ಬಿದ್ದವು. ಅವನನ್ನು ಬೇರೆ ವಾರ್ಡಿಗೆ ಒಯ್ದಿದ್ದರು.

ಸರ್ವಮಂಗಳಮ್ಮ ನನ್ನ ಕಿವಿಯ ಹತ್ತಿರ ಬಗ್ಗಿದರು. "ನೇತ್ರಾ, ಪೊಲೀಸ್ನೋರು ಬರ್ತಾರೆ. ಗದ್ದಲದಾಗ ಬಾಂಡಲಿ ಉರುಳಿತು ಅನ್ನು. ನಿನ್ನ ಮ್ಯಾಲೆ ಕೇಸಿಲ್ಲ, ಅವನ ಮ್ಯಾಲೂ ಇಲ್ಲ. ನಾಲ್ಕು ಜನ ಹಿರಿಯರು ಕೂತು ಬುದ್ಧಿ ಹೇಳಿ ಕಳಿಸಿದ್ರೆ ಮುಗೀತು."

"ಎಲ್ಲಿಗೆ ಕಳಿಸಾದು?"



ಹೇಳಿಕೆ ಬರೆದುಕೊಳ್ಳಲು ಬಂದ ಪೊಲೀಸ್ ಹೆಂಗಸು ಕುರ್ಚಿ ಎಳೆದುಕೊಂಡು ಕೂತಳು.

"ಕೆಂಡ ಹೆಂಗೆ ಬಿತ್ತಮ್ಮ?"

"ಬೀಳಲಿಲ್ಲ. ನಾನೇ ಎಸೆದೆ."

ಅವಳು ಪೆನ್ನು ಎತ್ತಿದಳು. "ಯೋಚನೆ ಮಾಡಿ ಹೇಳ್ರಿ. ನಿಮ್ಮ ಮ್ಯಾಲೂ ಕೇಸ್ ಆಗ್ತೈತೆ. ಕೈ ಮುರಿದೈತೆ ಅವರದು."

"ಮುರಿದಿದ್ದೂ ನಾನೇ. ಬರ್ಕಳ್ರಿ. ಯಾಕೆ ಅಂತನೂ ಕೇಳ್ರಿ, ಅದನ್ನೂ ಬರ್ಕಳ್ರಿ. ಅದು ಬಿಟ್ಟು ಇದೊಂದೇ ಬರೆದ್ರೆ ನಾ ಸಹಿ ಮಾಡಂಗಿಲ್ಲ."

ನಾನು ದೀಪಾವಳಿಯಿಂದ ಶುರು ಮಾಡಲು ಬಾಯಿ ತೆರೆದೆ. ಹಾಸಿಗೆಯ ಮೇಲೆ ಬಿಂದು ಮೊಣಕೈ ಊರಿ ಎದ್ದು ಕೂತಳು. ಬ್ಯಾಂಡೇಜಿನ ಕೆಳಗೆ ಒಂದು ಕಣ್ಣು ಪೂರ್ತಿ ಊದಿಕೊಂಡಿತ್ತು.

"ಅವ್ವಗೆ ಅರ್ಧನೂ ಗೊತ್ತಿಲ್ಲ ಮೇಡಂ," ಎಂದಳು. "ಮದುವಿ ಆಗಿ ಎಂಟನೇ ದಿನಕ್ಕ ಶುರುವಾಗಿದ್ದು. ನಾ ಹೇಳ್ತೀನಿ."

ಪೊಲೀಸ್ ಹೆಂಗಸು ಹೊಸ ಹಾಳೆ ತೆಗೆದಳು.