ಬಾಲವಿಲ್ಲದ ಪ್ರೋಟೀನು

ಲ್ಯಾಬಿನಲ್ಲಿ ಚಿಕ್ಕವರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು. ಆರು ವರ್ಷದಿಂದ ಅದೇ ಮೇಜು, ಅದೇ ಪ್ರೋಟೀನು. ಪ್ರೋಟೀನಿನ ತುದಿಗೆ ಅವಳು ಗಿಡ್ಡ ಬಾಲವೊಂದನ್ನು ಜೋಡಿಸಿದ್ದಳು. ತಾನು ತಯಾರಿಸಿದ ಹೊಳೆಯುವ ಬಣ್ಣ ಆ ಬಾಲವನ್ನು ಬಿಟ್ಟು ಬೇರೇನಕ್ಕೂ ಅಂಟುವುದಿಲ್ಲ ಎನ್ನುವುದೇ ಅವಳ ಇಡೀ ಪ್ರಬಂಧ. ವಿಜ್ಞಾನ ಪತ್ರಿಕೆಯವರು ಹೆಚ್ಚುಕಡಿಮೆ ಒಪ್ಪಿದ್ದರು. ಒಬ್ಬ ವಿಮರ್ಶಕ ಮಾತ್ರ ಕೊಕ್ಕೆ ಹಾಕಿದ್ದ: ಬಾಲವಿಲ್ಲದ ಪ್ರೋಟೀನಿಗೂ ಬಣ್ಣ ಹಾಕಿ ತೋರಿಸಿ, ಅದು ಹೊಳೆಯದೆ ಕಪ್ಪಾಗಿರಬೇಕು.

ಇದು ಮೊದಲ ವರ್ಷವೇ ಆಗಬೇಕಿದ್ದ ಕೆಲಸ. ಆಗ ಬಾಲವಿಲ್ಲದ ಪ್ರೋಟೀನು ನಳಿಕೆಯಲ್ಲಿ ಗಂಟುಗಂಟಾಗಿ ತಳ ಸೇರಿತ್ತು. "ಆಮೇಲೆ ನೋಡೋಣ" ಎಂದಿದ್ದರು ಅವಳ ಮಾರ್ಗದರ್ಶಿ ಸರ್. ಆ ಆಮೇಲೆ ಈಗ ಬಂದಿತ್ತು. ಪ್ರಬಂಧ ಮುಗಿಯದೆ ಈ ತಿಂಗಳು ದಾಟಿದರೆ ಅವಳ ಪಿಎಚ್‌ಡಿ ನೋಂದಣಿಯೇ ರದ್ದು.

ಈ ಸಲ ಪ್ರೋಟೀನು ಗಂಟಾಗಲಿಲ್ಲ; ಬಾಲವಿದ್ದದ್ದು, ಇಲ್ಲದ್ದು ಎರಡಕ್ಕೂ ಬಣ್ಣ ಹಾಕಿ ಒಂದೇ ಜೆಲ್ ಹಾಳೆಯಲ್ಲಿ ಓಡಿಸಿದಳು. ಪರದೆಯ ಮೇಲೆ ಎರಡು ಪಟ್ಟಿ ಮೂಡಿದವು. ಎರಡೂ ಒಂದೇ ಸಮ ಹೊಳೆಯುತ್ತಿದ್ದವು. ಹೊಸ ಬಣ್ಣ ಕಲೆಸಿ ಮತ್ತೆ ಮಾಡಿದಳು. ಮೂರನೆಯ ಸಲವೂ ಅಷ್ಟೇ. ಬಣ್ಣಕ್ಕೆ ಬಾಲ ಬೇಕಾಗಿಯೇ ಇರಲಿಲ್ಲ, ಸಿಕ್ಕಲ್ಲೆಲ್ಲ ಅಂಟಿಕೊಳ್ಳುತ್ತಿತ್ತು.

ಸರ್ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಎರಡನ್ನೂ ಒಂದೇ ಜೆಲ್‌ನಲ್ಲಿ ಯಾಕಮ್ಮ ಹಾಕ್ದೆ? ಬೇರೆ ಬೇರೆ ಹಾಕು. ಬಾಲ ಇಲ್ಲದ್ದಕ್ಕೆ ಕ್ಯಾಮೆರಾ ಸ್ವಲ್ಪ ಕಮ್ಮಿ ಹೊತ್ತು ತೆರಿ."

"ಎರಡಕ್ಕೂ ಒಂದೇ ಹೊತ್ತು ಅಂತ ಪ್ರಬಂಧದಲ್ಲಿ ಬರೆದಿದೀವಲ್ಲ ಸರ್?"

"ಬರೆದಿದ್ದು ಬರೆದ ಹಾಗೇ ಇರ್ಲಿ."

"ಬಣ್ಣನೇ ಕೆಲಸ ಮಾಡ್ತಿಲ್ಲ ಸರ್."

"ಹಾಗಾದ್ರೆ ನೀನೇ ವಿಮರ್ಶಕನಿಗೆ ಪತ್ರ ಬರಿ. ಆರು ವರ್ಷ ಮಣ್ಣು ಹೊತ್ತೆ ಅಂತ. ನಾನೇನು ತಡೀತೀನಾ?"

ಹೊರಗೆ ಬಂದಾಗ ಅಮ್ಮನ ಫೋನು.

"ಮುಗೀತೇನೇ? ನಿಮ್ಮಣ್ಣ ನಗ್ತಿದಾನೆ. ಪ್ರೋಟೀನು ಅಂಗಡೀಲಿ ಡಬ್ಬಿಗಟ್ಟಲೆ ಸಿಗುತ್ತೆ, ಇವಳೊಬ್ಬಳು ಆರು ವರ್ಷದಿಂದ ಕಾಯಿಸ್ತಿದಾಳೆ ಅಂತಾನೆ."

"ಅವನ ತಲೆ. ಇವತ್ತು ಮುಗಿಯುತ್ತಮ್ಮ."

ಜೆಲ್‌ಗಳನ್ನು ಬೇರೆ ಬೇರೆ ಹಾಕಿದಳು. ಬಾಲವಿದ್ದದ್ದಕ್ಕೆ ಎರಡು ಸೆಕೆಂಡು. ಇಲ್ಲದ್ದಕ್ಕೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ. ಪಟ್ಟಿ ಕತ್ತಲಲ್ಲಿ ಮುಳುಗಿತು. ಕ್ಯಾಮೆರಾ ತೆರೆದಿದ್ದ ಹೊತ್ತನ್ನು ಯಂತ್ರ ಚಿತ್ರದ ಮೂಲೆಯಲ್ಲಿ ತಾನಾಗಿಯೇ ಅಚ್ಚು ಹಾಕುತ್ತದೆ. ಆ ಮೂಲೆಯನ್ನು ಕತ್ತರಿಸಿದಳು. ಅಂಚು ವಾರೆಯಾಯಿತು. ಸರಿಮಾಡಿ ಮತ್ತೊಮ್ಮೆ ಕತ್ತರಿಸಿದಳು.

"ಕಪ್ಪು ಚೆನ್ನಾಗಿ ಬಂದಿದೆ" ಎಂದರು ಸರ್. ಅವಳೆದುರೇ ಪತ್ರಿಕೆಗೆ ಕಳಿಸಿಬಿಟ್ಟರು.

ಅವಳು ಫ್ರೀಜರ್ ತೆರೆದಳು. ಬಾಲವಿಲ್ಲದ ಪ್ರೋಟೀನಿನ ನಳಿಕೆಗಳು ಏಳು ಉಳಿದಿದ್ದವು, ಮುಚ್ಚಳಗಳ ಮೇಲೆ ಅವಳದೇ ಅಕ್ಷರ. ಅವುಗಳಿಂದ ಯಾರಾದರೂ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ ನೋಡಬಹುದಿತ್ತು. ಅಂಗೈಯಲ್ಲಿ ಹಿಡಿದು ಕರಗಿಸಿ, ಒಂದೊಂದಾಗಿ ಬ್ಲೀಚಿನ ಡಬ್ಬಿಗೆ ಸುರಿದಳು.