ಆರು ಗಂಟೆಯ ಗೇಟು

ಹಗ್ಗದ ಮೇಲೆ ಅಕ್ಕನ ಸೀರೆ ಆಗಲೇ ಬಿದ್ದಿದೆ, ತೊಟ ತೊಟ ನೀರಿಳಿಯುತ್ತಿದೆ, ಇನ್ನೂ ಐದೂಕಾಲು, ಏಳರ ಮುಂಚೆ ಮೈಗೆ ನೀರು ಹಾಕಿಕೊಳ್ಳುವವಳಲ್ಲವಲ್ಲ ಚನ್ನವೀರಮ್ಮಕ್ಕ – ಸಿದ್ದರಾಮೇಶ ಅಂಗಳದ ಕಟ್ಟೆಯ ಮೇಲೆ ಕೂತು ಮತ್ತೆ ಫೋನಿನ ಮೇಲೆ ಕಣ್ಣು ಹಾಯಿಸುತ್ತಾನೆ, ನಿದ್ದೆಯಂತೂ ಬರಲಿಲ್ಲ, ಕಾಡಿನ ಅಂಚಿನ ಕಾಟೇಜು, ಬರುವ ವಾರ ಎರಡು ದಿನ, ನಾಲ್ಕು ಮಂದಿ, ಸಫಾರಿ ಜೀಪು ಬೆಳಗಿನ ಆರಕ್ಕೆ, ತಡವಾದವರಿಗೆ ಗೇಟು ತೆರೆಯುವುದಿಲ್ಲ, ಹೆಸರು ಸೇರಿಸುವುದಿದ್ದರೆ ಇಂದು ಹತ್ತು ಗಂಟೆಯೊಳಗೆ, ಬೇಕಿದ್ದರೆ ಒಂದು ಹಾಸಿಗೆ ಹೆಚ್ಚಿಗೆ ಕೊಡುತ್ತಾರಂತೆ. ನಾಲ್ಕು ಮಂದಿ ಎಂದರೆ ತಾನು, ಹೆಂಡತಿ ಉಮಾಶ್ರೀ, ಇಬ್ಬರು ಹೆಣ್ಣುಮಕ್ಕಳು, ಸರಿಯಾಗಿಯೇ ಇದೆ, ಮನೆಯಲ್ಲಿ ಉಣ್ಣುವ ತಟ್ಟೆ ಮಾತ್ರ ಐದು. ಲಿಂಗಪೂಜೆ ಮುಗಿಯದೆ ಅಕ್ಕ ಹೊಸ್ತಿಲು ದಾಟುವುದಿಲ್ಲ, ಗುಟುಕು ನೀರೂ ಇಲ್ಲ, ಮಕ್ತಲಿನ ಮದುವೆಗೆ ಹೊರಟ ದಿನ ಜೀಪು ಮುಕ್ಕಾಲು ಗಂಟೆ ನಿಂತಿತ್ತು, ಬೀಗರು ಗಡಿಯಾರ ನೋಡಿಕೊಂಡರು, ಹಣೆತುಂಬ ವಿಭೂತಿ ಬಳಿದುಕೊಂಡು ಅವಳು ನಿಧಾನಕ್ಕೆ ಬಂದಳು, ಅವತ್ತು ಅವಳ ತಮ್ಮನೆನ್ನಿಸಿಕೊಳ್ಳಲು ಅವನಿಗೆ ನಾಚಿಕೆಯಾಗಿತ್ತು – ಹೌದು, ಆಗಿತ್ತು, ಸುಳ್ಳೇಕೆ. ಗದ್ವಾಲದಲ್ಲಿ ಗಂಡನನ್ನು ಕಳೆದುಕೊಂಡು ನಾರಾಯಣಪೇಟೆಗೆ ಮರಳಿ ಬಂದವಳು, ಕುಣಿಮಗ್ಗದಲ್ಲಿ ಸೊಂಟದ ತನಕ ಇಳಿದು ಕೂತು ಅವನನ್ನು ಓದಿಸಿದವಳು, ಅವಳು ನೇಯ್ದ ಸೀರೆಗಳನ್ನೇ ಹೊತ್ತು ಧನ್ವಾಡ, ಶಾಂತಿನಗರ ಸುತ್ತಿ ಅವನು ಅಂಗಡಿ ಹಾಕಿದ್ದು, ಈಗ ಆ ಅಕ್ಕನೇ ಜೀಪಿಗೆ ಭಾರ. ಸೀರೆಯಿಂದ ನೀರು ಇಳಿಯುತ್ತಲೇ ಇದೆ, ಕೈಮಗ್ಗದ ಸೀರಿ ಹಿಂಡಬಾರದವ್ವ, ಅಂಚು ಮುದುಡತೈತಿ, ಎಂದು ಉಮಾಶ್ರೀಗೆ ಎಷ್ಟು ಸಲ ಹೇಳಿದ್ದಾಳೋ.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ನಿನ್ನೆ ಹೇಳಿದ ಮಾತು ನಾಲಗೆಯ ಮೇಲೆ ಇನ್ನೂ ಕಹಿಯಾಗಿ ಕೂತಿದೆ – ಅಕ್ಕ, ನಿನ್ನ ಆಧಾರ್ ಕಾರ್ಡಿನಾಗ ಇನ್ನೂ ಮಹಬೂಬನಗರ ಜಿಲ್ಲಾ ಅಂತ ಐತಿ, ನಾರಾಯಣಪೇಟಿ ಈಗ ಬ್ಯಾರೆ ಜಿಲ್ಲಾ ಆಗೈತಿ, ಗೇಟಿನಾಗ ಒಳಗ ಬಿಡಂಗಿಲ್ಲ. ಅವಳು ಕಾರ್ಡನ್ನು ಹಿಂದೆ ಮುಂದೆ ತಿರುವಿದಳು, ಓದು ಬಾರದವಳು ಏನು ಕಂಡಾಳು, ಊರು ಇದ್ದಲ್ಲೇ ಐತಿ, ಜಿಲ್ಲಾನ ಎದ್ದು ಹೋತೇನೋ ತಮ್ಮಾ, ಎಂದು ನಕ್ಕಳು, ಕಾರ್ಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು, ಹುಡುಗ್ಯಾರಿಗೆ ಹುಲಿ ಚಲೋ ತೋರಿಸು, ಎಂದಳು. ಜಿಲ್ಲೆ ಒಡೆದವರಿಗೆ ಇಂಥ ಉಪಯೋಗ ಹೊಳೆದಿರಲಿಕ್ಕಿಲ್ಲ. ಅವನ ಕಾರ್ಡಿನಲ್ಲಿಯೂ ಮಹಬೂಬನಗರವೇ ಇದೆ, ಉಮಾಶ್ರೀಯದರಲ್ಲಿಯೂ, ಹೆಸರು ಹಾಕುವಾಗ ಫೋನು ಚಕಾರವೆತ್ತದೆ ಎರಡನ್ನೂ ಒಪ್ಪಿಕೊಂಡಿತು. ದೊಡ್ಡ ಮಗಳು ನವನೀತಾ ಕಣ್ಣುಜ್ಜುತ್ತ ಹೊರಗೆ ಬರುತ್ತಾಳೆ, ಅಪ್ಪಾ, ಅಲಾರಂಗೆ ನಿಂಗೂ ಎಚ್ಚರಾತೇನು, ಅತ್ತೆಗೆ ನಾನ ಹಚ್ಚಿಕೊಟ್ಟೀನಿ, ಯಾವ ಅಲಾರಂ, ಎನ್ನುತ್ತಾನೆ, ನಾಲ್ಕೂವರೆದು, ಎಂಟು ದಿನ ಆತು, ಆರರೊಳಗ ಪೂಜಿ ಮುಗಸೋದು ರೂಢಿ ಮಾಡ್ಕೊಳ್ಳಾಕತ್ತಾಳ, ಜೀಪು ನನ್ನ ಸಲುವಾಗಿ ನಿಲ್ಲಬಾರದು ಅಂತಾಳ. ಎಂಟು ದಿನ – ಅಂದರೆ ಅವನು ಮನೆಯಲ್ಲಿ ಆರರ ಗೇಟಿನ ಮಾತು ತೆಗೆದ ಮರುದಿನದಿಂದ, ಅಂದರೆ ಬೀಗರ ಗಡಿಯಾರವನ್ನು ಅವಳೂ ನೋಡಿದ್ದಳು, ತಮ್ಮನ ಮುಖವನ್ನೂ. ನಿನ್ನೆ ಕಾರ್ಡಿನ ಮಾತು ಹೇಳಿದ ಮ್ಯಾಲೂ ಎದ್ದಾಳೇನು, ಎಂದು ಕೇಳುತ್ತಾನೆ. ಹೂಂ, ಕಾರ್ಡು ತಿದ್ದಿಸ್ಕೊಂಡು ಮುಂದಿನ ಸಲ ಬರ್ತೀನಿ, ರೂಢಿ ತಪ್ಪಬಾರದು, ಅಂದ್ಲು.

ಒಳಗಿಂದ ವಿಭೂತಿಯ ವಾಸನೆ, ಮೆಲ್ಲನೆ ಮಂತ್ರ, ಇನ್ನೇನು ಮುಗಿಸಿ ಹೊರಗೆ ಬರುತ್ತಾಳೆ, ಅಕ್ಕ, ಕಾರ್ಡು ಕೊಡು, ಎಂದರೆ ಸಾಕು, ಮೂರೇ ಮಾತು, ಆದರೆ ಕಾರ್ಡು ಸರಿ ಆತೇನೋ ತಮ್ಮಾ, ಎಂದು ಕೇಳುತ್ತಾಳೆ, ಕೇಳಿಯೇ ಕೇಳುತ್ತಾಳೆ, ಆಗ ಏನು ಹೇಳುವುದು, ಆ ಮುಖದೆದುರು, ಆ ಹಣೆಯೆದುರು – ಬೆರಳು ನಾಲ್ಕರ ಮೇಲೆಯೇ ನಿಂತಿದೆ, ಐದಕ್ಕೆ ಸರಿಯುತ್ತಿಲ್ಲ, ಬಾಗಿಲ ಬಳಿ ಅಕ್ಕನ ಹೆಜ್ಜೆಯ ಸದ್ದಾಗುತ್ತದೆ, ಅವನು ತಲೆಯೆತ್ತುವುದಿಲ್ಲ, ಹಿಂಡದ ಸೀರೆಯ ಅಂಚಿನಲ್ಲಿ ಒಂದು ಹನಿ ತುಂಬಿಕೊಂಡಿದೆ, ಬೀಳುತ್ತದೆ, ಇನ್ನೊಂದು ತುಂಬಿಕೊಳ್ಳುತ್ತದೆ, ಬೀಳುತ್ತದೆ, ಇನ್ನೊಂದು –